ಪದರದೊಳಗಿನ ಬೆಳಕು

ಕಲಾವಿಭಾಗದ ವಿದ್ಯಾರ್ಥಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನನ್ನು ಬರೆಯಬಹುದೆಂಬುದು ನಮ್ಮಲ್ಲಿ ಬಹುಮಟ್ಟಿಗೆ ಗೊತ್ತುಮಾಡಿಟ್ಟ ಸಂಗತಿ. ನಂದಿಬೆಟ್ಟದ ಸೂರ್ಯೋದಯ, ವಿದ್ಯಾರ್ಥಿ ಮತ್ತು ಶಿಸ್ತು, ನಾನು ಕಂಡ ಹಂಪೆ. ಇವು ಯಾವುವೂ ಒದಗದಿದ್ದರೆ ಒಂದು ಕವನ. ಇವನ್ನೆಲ್ಲ ಬಿಟ್ಟು 'ಪದರ ಪೆರೊವ್‌ಸ್ಕೈಟ್' ಎಂಬ ನಾಲಗೆ ಹೊರಳದ ವಸ್ತುವಿನ ವಿಷಯವಾಗಿ ಬರೆಯುತ್ತೇನೆಂದಾಗ ವಿದ್ಯಾರ್ಥಿ ಸಂಪಾದಕರು ನನ್ನ ಮುಖವನ್ನೊಮ್ಮೆ ನೋಡಿ, "ನೀನು ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡದವನಲ್ಲವೇನಯ್ಯ?" ಎಂದು ಕೇಳಿದರು. ಹೌದು, ನಾನು ಅವನೇ. ಆದರೆ ನಮ್ಮ ಮನೆಯಲ್ಲಿ ಪದವಿಯ ಕೊನೆಯ ವರ್ಷದವರೆಗೆ ಬಂದವರಲ್ಲಿ ನಾನೇ ಮೊದಲಿಗ. ಆದುದರಿಂದ ಮನೆಯವರ ಪಾಲಿಗೆ ನನಗೆ ತಿಳಿಯದ ವಿಷಯವೆಂಬುದಿಲ್ಲ. ಪಂಚಾಯಿತಿಯ ನೋಟೀಸು, ಅಜ್ಜಿಯ ಔಷಧಿಯ ಚೀಟಿ, ಕೊಳವೆಬಾವಿಯ ಮೋಟಾರು ಸುಟ್ಟುಹೋದುದರ ಕಾರಣ, ಎಲ್ಲವೂ ನನ್ನ ಇಲಾಖೆಗೇ ಬರುತ್ತವೆ. ಅರಿಯದುದನ್ನು ವಿಚಾರಿಸಿ ತಿಳಿದುಕೊಂಡು ಹೇಳುವುದು ನನಗೆ ಕಾಲೇಜಿನಲ್ಲಿ ಅಲ್ಲ, ಮನೆಯಲ್ಲಿ ಆದ ಅಭ್ಯಾಸ.

ನಮ್ಮೂರು ಶಿಡ್ಲಘಟ್ಟ ತಾಲ್ಲೂಕಿನದು. ಅರ್ಧ ಎಕರೆ ಸೇವಂತಿಗೆ, ಉಳಿದದ್ದು ಹಿಪ್ಪನೇರಳೆ. ಚಿಕ್ಕಬಳ್ಳಾಪುರದ ಕಡೆಯಿಂದ ರಾತ್ರಿಯ ಬಸ್ಸಿನಲ್ಲಿ ಬರುವ ಹೊಸಬರು, ಹೊಲದ ನಡುವೆ ಸಾಲುಸಾಲಾಗಿ ದೀಪಗಳು ಉರಿಯುತ್ತಿರುವುದನ್ನು ಕಂಡು, ಯಾವ ದೇವರ ಜಾತ್ರೆಯೋ ಎಂದು ಕೈಮುಗಿಯುವುದುಂಟು. ಅಲ್ಲಿ ದೇವರೂ ಇಲ್ಲ, ಜಾತ್ರೆಯೂ ಇಲ್ಲ. ಇರುವುದು ಸೇವಂತಿಗೆಯ ಗಿಡ. ಈ ಗಿಡದ ಸ್ವಭಾವ ವಿಚಿತ್ರವಾದುದು. ಹಗಲು ಕಿರಿದಾಗಿ ರಾತ್ರಿ ದೀರ್ಘವಾದರೆ, ಬೆಳೆಯುವುದನ್ನು ನಿಲ್ಲಿಸಿ ಮೊಗ್ಗು ಕಟ್ಟಲು ತೊಡಗುತ್ತದೆ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಅದರ ಪಾಡಿಗೆ ಅದನ್ನು ಬಿಟ್ಟರೆ ಮೊಣಕಾಲೆತ್ತರಕ್ಕೂ ಬಾರದೆ ಹೂ ಬಿಟ್ಟು ಮುಗಿಸುತ್ತದೆ. ಆ ಹೊತ್ತಿಗೆ ಪೇಟೆಯಲ್ಲಿ ಬೆಲೆಯೂ ಇರುವುದಿಲ್ಲ. ಅದಕ್ಕಾಗಿ ರೈತರು ನಡುರಾತ್ರಿ ದೀಪ ಹಾಕಿ ಗಿಡವನ್ನು ವಂಚಿಸುತ್ತಾರೆ. ಕತ್ತಲೆಯ ನಡುವೆ ಸ್ವಲ್ಪ ಬೆಳಕು ಬಿದ್ದರೆ ಸಾಕು, ಗಿಡ ಒಂದು ದೀರ್ಘ ರಾತ್ರಿಯನ್ನು ಎರಡು ಗಿಡ್ಡ ರಾತ್ರಿಗಳೆಂದು ಎಣಿಸಿಕೊಂಡು ಬೆಳೆಯುತ್ತಲೇ ಹೋಗುತ್ತದೆ. ಯುಗಾದಿಗೆ ಎರಡು ತಿಂಗಳಿಗೂ ಸ್ವಲ್ಪ ಮೇಲೆ ಇರುವಾಗ ದೀಪ ಆರಿಸಿದರೆ ಹಬ್ಬಕ್ಕೆ ಸರಿಯಾಗಿ ಹೂವು.

ಈ ಉಪಾಯ ನಮ್ಮವರು ಕಂಡುಹಿಡಿದುದಲ್ಲ. ಹಗಲು ರಾತ್ರಿಗಳ ಅಳತೆಯ ಮೇಲೆ ಗಿಡ ಹೂ ಬಿಡುವುದೆಂದು ೧೯೨೦ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬಿಬ್ಬರು ಹೊಗೆಸೊಪ್ಪಿನ ಗಿಡವನ್ನಿಟ್ಟುಕೊಂಡು ತೋರಿಸಿಕೊಟ್ಟರು. ಮುಂದೆ ೧೯೫೦ರ ದಶಕದಲ್ಲಿ ಅದೇ ದೇಶದ ಬೆಲ್ಟ್ಸ್‌ವಿಲ್ ಎಂಬಲ್ಲಿನ ಸಂಶೋಧಕರು ಗಿಡದೊಳಗೆ ಬೆಳಕನ್ನು ಗುರುತಿಸುವ ಒಂದು ವರ್ಣದ್ರವ್ಯವಿರುವುದನ್ನೂ, ಅದಕ್ಕೆ ಎಲ್ಲಕ್ಕಿಂತ ಚೆನ್ನಾಗಿ ತಾಗುವುದು ಕೆಂಪು ಬೆಳಕೆಂಬುದನ್ನೂ ಕಂಡುಕೊಂಡರು. ಕೆಂಪೆಂದರೆ ಯಾವ ಕೆಂಪಾದರೂ ಆದೀತೆಂದಲ್ಲ. ಅಲೆಯ ಉದ್ದ ಸುಮಾರು ೬೬೦ ನ್ಯಾನೊಮೀಟರ್ ಇರುವ ಕೆಂಪು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಬರುವ ಒಂದು ಭಾಗಕ್ಕೆ ನ್ಯಾನೊಮೀಟರ್ ಎಂದು ಹೆಸರು. ಈ ೬೬೦ ಎಂಬ ಸಂಖ್ಯೆಯನ್ನು ಓದುಗರು ಸ್ವಲ್ಪ ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ.

ಹೋದ ಚಳಿಗಾಲದಲ್ಲಿ ಅಪ್ಪ ಅಗ್ಗವಾಗಿ ಸಿಕ್ಕಿದವೆಂದು ಒಂದು ಅಂಗಡಿಯಿಂದ ಎಲ್‌ಇಡಿ ಬಲ್ಬುಗಳನ್ನು ತಂದು ಕಟ್ಟಿದರು. ಪುಷ್ಯ ಮಾಸದ ಮಂಜು ಸುರಿಯುತ್ತಲೇ ಅವು ಒಂದೊಂದಾಗಿ ಆರತೊಡಗಿದವು. ಅಂಗಡಿಯವರು ರಸೀದಿ ಕೇಳಿದರು. ರಸೀದಿ ಕೊಟ್ಟವರು ಯಾರು? ಆರಿದ ಕಡೆಯೆಲ್ಲ ಗಿಡಗಳು ಕುಳ್ಳಾಗಿ ನಿಂತು ಮೊಗ್ಗು ಕಟ್ಟಿ, ಮಾಘದಲ್ಲಿಯೇ ಅರಳಿದವು. ಕೊಯ್ಯುವ ಕೂಲಿಯೂ ಹುಟ್ಟಲಿಲ್ಲ.

ಈ ನಷ್ಟದ ನಡುವೆ ಒಂದು ಸೋಜಿಗ ನಡೆಯಿತು. ಹತ್ತನೆಯ ತರಗತಿ ಓದುತ್ತಿದ್ದ ನನ್ನ ತಂಗಿ, ವಿಜ್ಞಾನದ ನೋಟ್ ಪುಸ್ತಕದ ಹಿಂಬದಿಯಲ್ಲಿ ತೋಟದ ನಕ್ಷೆ ಬರೆದು, ಯಾವ ಬಲ್ಬಿನ ಕೆಳಗೆ ಎಷ್ಟು ಗಿಡ ಎಷ್ಟು ಎತ್ತರಕ್ಕೆ ನಿಂತುಬಿಟ್ಟಿವೆಯೆಂದು ಅಳೆದಳು. ಹೆಚ್ಚು ಕುಳ್ಳಾದಲ್ಲಿ ಬಲ್ಬು ಮೊದಲು ಸತ್ತಿದೆ. ಸ್ವಲ್ಪ ಎತ್ತರವಿದ್ದಲ್ಲಿ ಆಮೇಲೆ. ನಾವು ಯಾರೂ ಬರೆದಿಡದಿದ್ದ ತಾರೀಖುಗಳನ್ನು ಗಿಡಗಳೇ ಬರೆದಿಟ್ಟಿದ್ದವು. ಶಾಸನಗಳನ್ನು ಓದುವ ಕ್ರಮವನ್ನು ಮೂರು ವರ್ಷ ಕಲಿತ ನನಗೆ ಆ ಶಾಸನ ಕಾಣಿಸಲಿಲ್ಲ; ಅವಳಿಗೆ ಕಾಣಿಸಿತು. ಅಂದು ರಾತ್ರಿ ಊಟದ ಹೊತ್ತಿನಲ್ಲಿ ಅವಳು, "ಅಣ್ಣಾ, ಪಿಯುಸಿಗೆ ನಾನು ಸೈನ್ಸ್ ತಗೋತೀನಿ" ಎಂದಳು. ಅಪ್ಪ ತಲೆಯೆತ್ತಲಿಲ್ಲ. ವಿಜ್ಞಾನವೆಂದರೆ ದಿನವೂ ಬಸ್ಸು, ಹೆಚ್ಚಿನ ಫೀಜು, ಜೊತೆಗೆ ಟ್ಯೂಷನ್ನು. ಹೂವಿನ ಹಣದಿಂದ ಬರಬೇಕಾಗಿದ್ದದ್ದು ಅದೇ.

ಸೋದರಮಾವ ಹೂವಿನ ಟೆಂಪೋ ನಡೆಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವಲ್ಲಿ, ವರ್ಷಕ್ಕೊಂದು ದಿನ ಸಾರ್ವಜನಿಕರಿಗೆ ಬಾಗಿಲು ತೆರೆದಿರುವುದಷ್ಟೆ. ಆ ದಿನ ತಂಗಿಯನ್ನು ಕರೆದುಕೊಂಡು, ಮಾವನ ಟೆಂಪೋದಲ್ಲಿ ಚೆಂಡುಹೂವಿನ ಮೂಟೆಗಳ ಪಕ್ಕದಲ್ಲಿ ಕುಳಿತು ನಡುರಾತ್ರಿಯಲ್ಲಿ ಹೊರಟೆ. ಮಾರುಕಟ್ಟೆಯಲ್ಲಿ ಮೂಟೆ ಇಳಿಸಿ, ಮುಖ ತೊಳೆದು, ಬಾಗಿಲು ತೆರೆಯುವುದಕ್ಕೆ ಎರಡು ಗಂಟೆ ಮೊದಲೇ ಅಲ್ಲಿ ನಿಂತಿದ್ದೆವು.

ಒಳಗೆ ಕಂಡದ್ದನ್ನೆಲ್ಲ ಬರೆದರೆ ಸಂಚಿಕೆಯೇ ಸಾಲದು. ಒಂದು ಕತ್ತಲೆಯ ಕೋಣೆಯಲ್ಲಿ ಮೇಜಿನ ಮೇಲೆ ಸಾಲಾಗಿ ಚಿಕ್ಕ ಸೀಸೆಗಳನ್ನಿಟ್ಟಿದ್ದರು. ದೀಪದಡಿಯಲ್ಲಿ ನೋಡಿದರೆ ಮಜ್ಜಿಗೆಯ ನೀರಿನಂತೆ ಸಪ್ಪೆಯಾದ ದ್ರವ. ದೀಪ ಆರಿಸಿ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹಾಯಿಸಿದರೋ ಇಲ್ಲವೋ, ಒಂದು ಸೀಸೆ ನೀಲಿ, ಒಂದು ಎಳೆಹಸುರು, ಒಂದು ಕುಂಕುಮಗೆಂಪು! ನಮ್ಮ ತಂಗಿ ಕೈ ಚಾಚಿಯೇಬಿಟ್ಟಳು. ಅಲ್ಲಿ ವಿವರಿಸುತ್ತಿದ್ದ ಸಂಶೋಧನ ವಿದ್ಯಾರ್ಥಿನಿ ಹಾಸನದ ಕಡೆಯವರು. ನಾನು ಇಂಗ್ಲಿಷಿನಲ್ಲಿ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿ "ಮೇಡಂ" ಎಂದು ಪ್ರಾರಂಭಿಸುವಷ್ಟರಲ್ಲಿ, "ಕನ್ನಡದಲ್ಲೇ ಕೇಳಿ, ಅಕ್ಕ ಅಂದ್ರೆ ಸಾಕು" ಎಂದರು. ಆ ಒಂದು ಮಾತಿನಿಂದ ನನಗೆ ಆದ ಉಪಕಾರ ಅಷ್ಟಿಷ್ಟಲ್ಲ. ಮುಂದೆ ಹೇಳುವುದರಲ್ಲಿ ಬಹುಭಾಗ ಅವರಿಂದ ಕೇಳಿದುದು. ಉಳಿದದ್ದು ಆಮೇಲೆ ಓದಿದುದು. ಉಪಮಾನಗಳು ಮಾತ್ರ ನಮ್ಮೂರಿನವು.

ಪೆರೊವ್‌ಸ್ಕೈಟ್ ಮೂಲತಃ ಒಂದು ಕಲ್ಲಿನ ಹೆಸರು. ೧೮೩೯ರಲ್ಲಿ ರಷ್ಯದ ಊರಲ್ ಪರ್ವತದಿಂದ ಬಂದ ಒಂದು ಖನಿಜವನ್ನು ಗುಸ್ತಾವ್ ರೋಸ್ ಎಂಬ ಜರ್ಮನ್ ಪಂಡಿತ ಪರೀಕ್ಷಿಸಿ, ಪೆರೊವ್‌ಸ್ಕಿ ಎಂಬ ರಷ್ಯನ್ ಗಣ್ಯನ ಹೆಸರಿಟ್ಟ. ಕಾಲಕ್ರಮದಲ್ಲಿ ಆ ಹೆಸರು ಕಲ್ಲನ್ನು ಬಿಟ್ಟು ಅದರೊಳಗಿನ ಕಟ್ಟಡದ ಶೈಲಿಗೆ ಅಂಟಿಕೊಂಡಿತು. ಹೊಯ್ಸಳ ಶೈಲಿ ಎನ್ನುತ್ತೇವಲ್ಲವೆ, ಹಾಗೆ. ದೇವಾಲಯ ಯಾರು ಕಟ್ಟಿಸಿದ್ದಾದರೂ ಶೈಲಿ ಒಂದೇ. ಬೆಳಕು ಕೊಡುವ ಪೆರೊವ್‌ಸ್ಕೈಟುಗಳಲ್ಲಿ ನಡುವೆ ಒಂದು ಸೀಸದ ಕಣ. ಅದರ ಮೇಲೊಂದು, ಕೆಳಗೊಂದು, ನಾಲ್ಕು ದಿಕ್ಕಿಗೆ ನಾಲ್ಕು, ಹೀಗೆ ಆರು ಬ್ರೋಮಿನ್ ಅಥವಾ ಅಯೋಡಿನ್ ಕಣಗಳು. ಇಂಥ ಮನೆಗಳು ಮೂಲೆಗೆ ಮೂಲೆ ಸೇರಿಸಿಕೊಂಡು ಎಲ್ಲ ಕಡೆಗೂ ಬೆಳೆಯುತ್ತವೆ. ಮನೆಗಳ ನಡುವಣ ಸಂದಿನಲ್ಲಿ ಸೀಸಿಯಂ ಕಣವೋ ಮತ್ತೊಂದು ಸಣ್ಣ ಅಣುವೋ ಕುಳಿತಿರುತ್ತದೆ.

ಆ ಸಂದಿಗೆ ಹಿಡಿಸದಷ್ಟು ಉದ್ದನೆಯ ಅಣುವನ್ನು ಕರೆದು ತಂದರೆ? ಚಿಕ್ಕ ಮನೆಗೆ ದೊಡ್ಡ ನೆಂಟರು ಬಂದಂತಾಗಿ ಕಟ್ಟಡವೇ ಸೀಳಿಕೊಳ್ಳುತ್ತದೆ. ಆದರೆ ಕುಸಿಯುವುದಿಲ್ಲ, ಹಾಳೆಹಾಳೆಯಾಗಿ ನಿಲ್ಲುತ್ತದೆ. ಇದೇ ಪದರ ಪೆರೊವ್‌ಸ್ಕೈಟ್. ಇದನ್ನು ಕೇಳಿದೊಡನೆ ನನಗೆ ಹೊಳೆದದ್ದು ನಮ್ಮ ಹುಳುಮನೆ. ಅಟ್ಟಣೆಯಲ್ಲಿ ತಟ್ಟೆಯ ಮೇಲೊಂದು ತಟ್ಟೆ ಸೇರಿಸಿಟ್ಟಿರುತ್ತೇವೆ. ನಡುವೆ ಗಾಳಿಯಾಡಲು ಸ್ಥಳ. ಹುಳು ತನ್ನ ತಟ್ಟೆಯ ಸೊಪ್ಪಿನಲ್ಲಿ ಬೇಕಾದಂತೆ ಹರಿದಾಡುತ್ತದೆ. ಮೇಲಿನ ತಟ್ಟೆಗೆ ಹಾರಲಾರದು. ಇಲ್ಲಿಯೂ ಹಾಗೆಯೇ. ಸೀಸ ಮತ್ತು ಅಯೋಡಿನ್ನಿನ ಹಾಳೆಯೇ ತಟ್ಟೆ, ಉದ್ದನೆಯ ಅಣುಗಳೇ ನಡುವಣ ಸ್ಥಳ, ಎಲೆಕ್ಟ್ರಾನೇ ಹುಳು. ಒಂದು ಹಾಳೆಯ ದಪ್ಪ ಒಂದು ನ್ಯಾನೊಮೀಟರಿಗೂ ಕಡಿಮೆ. ನಮ್ಮ ಶಿಡ್ಲಘಟ್ಟದ ರೀಲರು ಗೂಡಿನಿಂದ ಬಿಚ್ಚುವ ಒಂಟಿ ಎಳೆಯ ದಪ್ಪದೊಳಗೆ ಇಂಥ ತಟ್ಟೆಗಳನ್ನು ಸಾವಿರಾರು ಜೋಡಿಸಬಹುದು.

ಇನ್ನು ಬೆಳಕಿನ ಮಾತು. ಎಲ್‌ಇಡಿ ಎಂಬ ದೀಪದಲ್ಲಿ ಒಂದು ಕಡೆಯಿಂದ ಎಲೆಕ್ಟ್ರಾನುಗಳೂ, ಇನ್ನೊಂದು ಕಡೆಯಿಂದ ಎಲೆಕ್ಟ್ರಾನಿಲ್ಲದ ತೆರವುಗಳೂ ಬಂದು ಸೇರುತ್ತವೆ. ಎಲೆಕ್ಟ್ರಾನು ಮೇಲಿನ ಮೆಟ್ಟಿಲಿನಿಂದ ಜಿಗಿದು ಆ ತೆರವನ್ನು ತುಂಬುವಾಗ ಬಿಟ್ಟ ಶಕ್ತಿಯೇ ಬೆಳಕು. ಮೆಟ್ಟಿಲು ಎತ್ತರವಾಗಿದ್ದರೆ ನೀಲಿ, ತಗ್ಗಾಗಿದ್ದರೆ ಕೆಂಪು. ತೆಳ್ಳಗಿನ ತಟ್ಟೆಯಲ್ಲಿ ಇಕ್ಕಟ್ಟಾಗಿ ಸಿಕ್ಕಿಕೊಂಡ ಎಲೆಕ್ಟ್ರಾನು ಮತ್ತು ತೆರವು ಒಂದನ್ನೊಂದು ತಪ್ಪಿಸಿಕೊಳ್ಳಲಾರವು. ಜೊತೆಗೆ ಇಕ್ಕಟ್ಟು ಹೆಚ್ಚಿದಷ್ಟೂ ಮೆಟ್ಟಿಲಿನ ಎತ್ತರವೂ ಹೆಚ್ಚುತ್ತದೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ್ದು ಇದೇ. ಅದೇ ಸೀಸ, ಅದೇ ಅಯೋಡಿನ್. ಪದರವಿಲ್ಲದ ಇಡೀ ಸ್ಫಟಿಕವಾದರೆ ಅದು ಬೀರುವುದು ಕೆಂಪಿನ ಆಚೆಯ, ಕಣ್ಣಿಗೆ ಕಾಣದ ಬೆಳಕು. ಒಂದೊಂದೇ ಹಾಳೆಯಾಗಿ ಬಿಡಿಸಿದರೆ ಹಸುರು. ಎರಡೆರಡು ಹಾಳೆ ಸೇರಿದರೆ ಹಳದಿ, ಮೂರು ಸೇರಿದರೆ ಕಿತ್ತಳೆ, ನಾಲ್ಕು ಸೇರಿದರೆ ಕೆಂಪು. ಬಣ್ಣ ಬೆರೆಸಿದವರು ಯಾರೂ ಇಲ್ಲ, ಎಣಿಕೆ ಮಾತ್ರ ಬದಲಾಯಿತು! ಬ್ಯುಟೈಲ್ ಅಮೋನಿಯಂ ಎಂಬ ಉದ್ದ ಅಣುವನ್ನು ಬಳಸಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದವರು ೨೦೧೬ರಲ್ಲಿ ಹೀಗೆ ಒಂದರಿಂದ ನಾಲ್ಕು ಹಾಳೆಯವರೆಗಿನ ಸ್ಫಟಿಕಗಳನ್ನು ಬೇರೆಬೇರೆಯಾಗಿ ಪಡೆದು ವರ್ಣಿಸಿದರು. ನಾಲ್ಕು ಹಾಳೆಯದರ ಬೆಳಕು ಸುಮಾರು ೬೫೦ ನ್ಯಾನೊಮೀಟರ್. ಸೇವಂತಿಗೆಗೆ ಬೇಕಾದದ್ದು ಎಷ್ಟೆಂಬುದು ಓದುಗರ ನೆನಪಿನಲ್ಲಿದೆಯಷ್ಟೆ? ತಂಗಿ ಅಲ್ಲಿಯೇ ನನ್ನ ಅಂಗಿಯ ತೋಳು ಎಳೆದಳು.

ಒಂದು ತೊಡಕಿದೆ. ತಟ್ಟೆಯಿಂದ ತಟ್ಟೆಗೆ ಹುಳು ಹಾರದೆಂದರೆ ವಿದ್ಯುತ್ತೂ ಸುಲಭವಾಗಿ ಹಾಯದೆಂದೇ ಅರ್ಥ. ಅದಕ್ಕಾಗಿ ತೆಳ್ಳಗಿನವನ್ನೂ ದಪ್ಪನಾದವನ್ನೂ ಬೇಕೆಂದೇ ಬೆರೆಸುತ್ತಾರೆ. ಆಗ ನಡೆಯುವುದು ನಮ್ಮ ಸೀಮೆಯ ಕೆರೆಗಳ ಸರಪಳಿಯಂತೆ. ಮೇಲಿನ ಕೆರೆ ತುಂಬಿ ಕೋಡಿ ಹರಿದು ಕೆಳಗಿನದಕ್ಕೆ, ಅದು ತುಂಬಿ ಅದರ ಕೆಳಗಿನದಕ್ಕೆ ನೀರು ಬಂದಂತೆ, ತೆಳು ಪದರಗಳಲ್ಲಿ ಸಿಕ್ಕಿದ ಶಕ್ತಿ ದಪ್ಪ ಪದರಗಳ ಕಡೆಗೆ ಹರಿದುಬಂದು, ಎಲ್ಲಕ್ಕಿಂತ ಕೆಳಗಿನ ಕೆರೆಯಲ್ಲಿ ಮಾತ್ರ ಬೆಳಕಾಗುತ್ತದೆ. ವ್ಯತ್ಯಾಸವಿಷ್ಟೆ: ಅಲ್ಲಿ ಕೋಡಿ ಹರಿಯುವುದಕ್ಕೆ ಒಂದು ಸೆಕೆಂಡಿನ ಸಾವಿರ ಕೋಟಿಯ ಒಂದು ಪಾಲಿನಷ್ಟು ಕಾಲವೂ ಹೆಚ್ಚೆನ್ನಬಹುದು, ನಮ್ಮ ಕೆರೆಗಳ ಕೋಡಿ ಹರಿದುದನ್ನು ಕಾಣಬೇಕಾದರೆ ವರ್ಷಗಟ್ಟಲೆ ಕಾಯಬೇಕು.

ಇದರ ಚರಿತ್ರೆ ನಾನು ಎಣಿಸಿದ್ದಕ್ಕಿಂತ ಹಳೆಯದು. ೧೯೯೪ರಲ್ಲಿಯೇ ಜಪಾನಿನ ಈರಾ, ತ್ಸುತ್ಸುಯಿ, ಸೈತೊ ಎಂಬವರು ಪದರ ಪೆರೊವ್‌ಸ್ಕೈಟಿನಿಂದ ಹಸುರು ದೀಪ ಹೊತ್ತಿಸಿದ್ದರು. ಆದರೆ ದ್ರವ ಸಾರಜನಕದ ಚಳಿಯಲ್ಲಿ, ಅಂದರೆ ಸೊನ್ನೆಗಿಂತ ೧೯೬ ಡಿಗ್ರಿ ಕೆಳಗೆ. ಅಂಥ ದೀಪವನ್ನು ಯಾರು ಕೊಂಡಾರು? ಮಾತು ಅಲ್ಲಿಗೇ ತಣ್ಣಗಾಯಿತು. ಸಾಧಾರಣ ಉಷ್ಣತೆಯಲ್ಲಿ ಚೆನ್ನಾಗಿ ಉರಿಯುವ ಪೆರೊವ್‌ಸ್ಕೈಟ್ ದೀಪ ಕೇಂಬ್ರಿಜ್‌ನಿಂದ ಬಂದದ್ದು ೨೦೧೪ರಲ್ಲಿ. ೨೦೧೮ರ ಹೊತ್ತಿಗೆ ನೂರು ಎಲೆಕ್ಟ್ರಾನು ಒಳಹೊಕ್ಕರೆ ಇಪ್ಪತ್ತಕ್ಕೂ ಮೇಲ್ಪಟ್ಟು ಬೆಳಕಿನ ಕಣಗಳು ಹೊರಬರುವಂತಾಯಿತು. ನಾಲ್ಕೇ ವರ್ಷದಲ್ಲಿ ಇಷ್ಟು ದೂರ ಬಂದ ದೀಪ ಬೇರೊಂದಿಲ್ಲವೆಂದು ಆ ಅಕ್ಕ ಹೆಮ್ಮೆಯಿಂದಲೇ ಹೇಳಿದರು. ಮಹಾ ಕುಲುಮೆಗಳೂ ಬೇಡ. ದ್ರವವಾಗಿ ಕಲಸಿ, ಗಾಜಿನ ಮೇಲೆ ಹೊಯ್ದು ಗಿರ್ರೆಂದು ತಿರುಗಿಸಿ ಒಣಗಿಸಿದರೆ ಪದರಗಳು ತಾವಾಗಿಯೇ ಜೋಡಿಸಿಕೊಳ್ಳುತ್ತವಂತೆ. ನೀರುದೋಸೆಯ ಕಲೆ ಬಲ್ಲವರಿಗೆ ಇದು ಹೊಸದಲ್ಲ.

ಪದರಗಳ ವಿದ್ಯೆ ನಮ್ಮ ನೆರೆಯಲ್ಲಿಯೇ ಬೆಳೆದುದೆಂಬುದು ನನಗೆ ಇನ್ನೊಂದು ಆಶ್ಚರ್ಯ. ೧೯೩೪ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಿ. ಎನ್. ಆರ್. ರಾಯರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು ೧೯೫೯ರಲ್ಲಿ ಹಿಂದಿರುಗಿದರು. ೧೯೭೬ರಲ್ಲಿ ಈ ಸಂಸ್ಥೆಯಲ್ಲಿಯೇ ಘನಸ್ಥಿತಿ ರಸಾಯನದ ವಿಭಾಗವನ್ನು ಕಟ್ಟಿದರು. ಅವರೂ ಅವರ ಸಂಗಡಿಗ ಗಂಗೂಲಿಯವರೂ ಪದರಪದರವಾದ ಲೋಹದ ಆಕ್ಸೈಡುಗಳನ್ನು ಕುರಿತು ೧೯೮೪ರಲ್ಲಿ ಬರೆದ ವಿಮರ್ಶಾ ಲೇಖನ ಪ್ರಸಿದ್ಧವಾದುದು. ಅವು ಸೀಸ–ಅಯೋಡಿನ್ನಿನ ಪದರಗಳಲ್ಲ, ಬೆಳಕು ಕೊಡುವವೂ ಅಲ್ಲ. ಆದರೆ ಕಟ್ಟಡದ ಶೈಲಿ ಅದೇ ಮನೆತನದ್ದು. ೧೯೮೬ರಲ್ಲಿ ಯೂರೋಪಿನಲ್ಲಿ ಹೊಸಬಗೆಯ ಅತಿವಾಹಕ ವಸ್ತು ಕಂಡುಬಂದಾಗ ಅದರ ರಚನೆಯೂ ಇದೇ ಪದರದ ರಚನೆಯಾಗಿತ್ತು. ೧೯೮೯ರಲ್ಲಿ ರಾಯರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಈಚಿನ ವರ್ಷಗಳಲ್ಲಿ ಈ ಹೊಸ ಹೇಲೈಡ್ ಪೆರೊವ್‌ಸ್ಕೈಟುಗಳ ಮೇಲೆ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಡಿ. ಡಿ. ಶರ್ಮರೂ, ಜಕ್ಕೂರಿನಲ್ಲಿ ರಂಜನಿ ವಿಶ್ವನಾಥರೂ ಕೆಲಸ ಮಾಡಿದ್ದಾರೆ. ಜಕ್ಕೂರು ಎಲ್ಲಿದೆ? ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಿನಲ್ಲಿ. ನಮ್ಮ ಹೂವು, ಚಿಂತಾಮಣಿಯ ಟೊಮೇಟೊ, ಗೌರಿಬಿದನೂರಿನ ಮೆಕ್ಕೆಜೋಳ ಇವುಗಳಲ್ಲಿ ಎಷ್ಟೋ ಭಾಗ ಆ ತಿರುವನ್ನು ದಾಟಿಯೇ ಹೋಗುತ್ತದೆ. ಮಾವ ಇಪ್ಪತ್ತು ವರ್ಷದಿಂದ ದಾಟುತ್ತಿದ್ದಾರೆ. ಅಲ್ಲಿ ಏನಿದೆಯೆಂದು ಕೇಳಿದರೆ, "ವಿಮಾನ ಕಲಿಸೋ ಮೈದಾನ ಐತೆ" ಎಂದರು. ಅದೂ ಸುಳ್ಳಲ್ಲ.

(ನಮ್ಮ ಜಿಲ್ಲೆಯವರು ವಿಜ್ಞಾನದ ಮಾತೆತ್ತಿದರೆ ಮುದ್ದೇನಹಳ್ಳಿಯನ್ನು ನೆನೆಯದೆ ಮುಂದುವರಿಯುವಂತಿಲ್ಲ. ಆ ಮರ್ಯಾದೆಯನ್ನು ಇಲ್ಲಿಯೇ ಸಲ್ಲಿಸಿದ್ದೇನೆ.)

ಊರಿಗೆ ಬಂದು ನಾನು ಅಪ್ಪನಿಗೆ ಇದನ್ನೆಲ್ಲ ಹುಳುಮನೆಯಲ್ಲಿಯೇ ನಿಲ್ಲಿಸಿಕೊಂಡು ತಟ್ಟೆಗಳನ್ನು ತೋರಿಸಿ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ, "ಎಷ್ಟು ದಿನ ಉರೀತೈತಪ್ಪ ಅದು?" ಎಂದರು.

ಮೂರು ಪರೀಕ್ಷೆಯಲ್ಲಿ ನನ್ನನ್ನು ಯಾರೂ ಇಷ್ಟು ನೇರವಾದ ಪ್ರಶ್ನೆ ಕೇಳಿರಲಿಲ್ಲ. ಇದೇ ಪ್ರಶ್ನೆಯನ್ನು ತಂಗಿ ಅಲ್ಲಿ ಕೇಳಿದ್ದಳು. ಅಕ್ಕ ಮುಚ್ಚುಮರೆಯಿಲ್ಲದೆ ಉತ್ತರವನ್ನೂ ಕೊಟ್ಟಿದ್ದರು. ಅಂಗಡಿಯ ಒಳ್ಳೆಯ ಎಲ್‌ಇಡಿ ಹತ್ತಾರು ಸಾವಿರ ಗಂಟೆ ಬಾಳುತ್ತದೆ. ಪೆರೊವ್‌ಸ್ಕೈಟ್ ದೀಪಗಳಾದರೋ ಬಳಕೆಗೆ ಬೇಕಾದಷ್ಟು ಪ್ರಖರವಾಗಿ ಉರಿಸಿದರೆ ಬಹುಪಾಲು ಕೆಲವು ಗಂಟೆಗಳಿಂದ ಕೆಲವು ನೂರು ಗಂಟೆಗಳಲ್ಲಿ ಮಂಕಾಗುತ್ತವೆ. ಮಂದವಾಗಿ ಉರಿಸಿದರೆ ಹೆಚ್ಚು ಕಾಲ ತಾಳುತ್ತವೆ. ತೇವ ಅವುಗಳ ಶತ್ರು. ಪದರದ ಬಗೆಯಲ್ಲಿ ನಡುವಣ ಉದ್ದ ಅಣುಗಳು ಎಣ್ಣೆ ಸವರಿದಂತೆ ನೀರನ್ನು ತಕ್ಕಮಟ್ಟಿಗೆ ದೂರವಿಡುತ್ತವೆಂಬುದೇ ಅವುಗಳ ಮೇಲಿನ ಆಸೆಗೆ ಒಂದು ಕಾರಣ. ಇನ್ನು ೬೬೦ರ ಕೆಂಪು ಬೆಳಕು ಈಗಲೇ ಬೇರೆ ಬಗೆಯ ಎಲ್‌ಇಡಿಗಳಲ್ಲಿ ಸಿಕ್ಕುತ್ತದೆ. ಸೇವಂತಿಗೆ ಇದಕ್ಕಾಗಿ ಕಾದುಕೊಂಡಿರಬೇಕಾದುದಿಲ್ಲ. ನಾನು ಇದನ್ನೂ ಅಪ್ಪನಿಗೆ ಹೇಳಿದೆ. ಪುಷ್ಯದ ಮಂಜಿನಲ್ಲಿ ಬಲ್ಬು ಸತ್ತ ನೋವಿನ್ನೂ ಹಸಿಯಾಗಿದ್ದವರಿಗೆ ತೇವ ತಾಳದ ದೀಪದ ಗುಣಗಾನವನ್ನು ಹಾಡುವುದು ನನಗೆ ಧರ್ಮವಾಗಿ ಕಾಣಲಿಲ್ಲ.

ಅಮ್ಮ ಅಷ್ಟು ಹೊತ್ತೂ ಚಂದ್ರಂಕಿಗೆ ಹಣ್ಣುಹುಳುಗಳನ್ನು ಬಿಡುತ್ತಿದ್ದವಳು ತಲೆಯೆತ್ತಿ, "ಅದು ಒಡೆದು ಮಣ್ಣಿಗೆ ಬಿದ್ರೆ?" ಎಂದಳು.

ಈ ಪ್ರಶ್ನೆ ನಮ್ಮ ಮನೆಯಲ್ಲಿ ಹುಟ್ಟಿದ್ದು ಸಹಜವಾಗಿಯೇ ಇದೆ. ಪಕ್ಕದ ತೋಟದ ಹೂವಿಗೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಹಿಪ್ಪನೇರಳೆಯ ಮೇಲೆ ಇಬ್ಬನಿಯಷ್ಟು ಬಿದ್ದರೂ ಹುಳು ಸಾಯುತ್ತವೆ. ಕಣ್ಣಿಗೆ ಕಾಣದ ವಿಷಕ್ಕೆ ಹೆದರುವುದನ್ನು ರೇಷ್ಮೆ ಬೆಳೆಯುವವರಿಗೆ ಯಾರೂ ಕಲಿಸಬೇಕಾಗಿಲ್ಲ. ಇನ್ನು ಕೊಳವೆಬಾವಿ ಆಳಕ್ಕಿಳಿದಂತೆಲ್ಲ ಬಂದ ಫ್ಲೋರೈಡಿನ ಗುರುತು ನನ್ನ ಹಲ್ಲುಗಳ ಮೇಲೆ ಕಂದು ಗೆರೆಯಾಗಿ ಕುಳಿತಿದೆ. ಛಾಯಾಚಿತ್ರ ತೆಗೆಯುವಾಗ ನಾನು ನಗುವುದಿಲ್ಲವೆಂದು ಮಿತ್ರರು ಆಕ್ಷೇಪಿಸುವುದರ ಕಾರಣ ಗಾಂಭೀರ್ಯವಲ್ಲ. ಈಗ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರು ಎರಡು ಹಂತದಲ್ಲಿ ಶುದ್ಧಿಯಾಗಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಮೂರನೆಯ ಹಂತವೂ ಆಗಬೇಕೆಂದು ಹೋರಾಟ ನಡೆದಿದೆ. ಆ ನೀರಿನಲ್ಲಿ ಏನಿದೆ ಏನಿಲ್ಲವೆಂಬ ಚರ್ಚೆ ಚಹದ ಅಂಗಡಿಗಳಲ್ಲಿ ನಿತ್ಯ ಕೇಳುವಂಥದು.

ಉತ್ತರ ಸುಖಕರವಾದುದಲ್ಲ. ಈ ದೀಪದ ಹೃದಯವೇ ಸೀಸ, ಅದೂ ನೀರಿನಲ್ಲಿ ಕರಗುವ ರೂಪದ್ದು. ೨೦೨೦ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಪೆರೊವ್‌ಸ್ಕೈಟ್ ಬೆರೆತ ಮಣ್ಣಿನಲ್ಲಿ ಪುದೀನ ಗಿಡ ಬೆಳೆಸಿ ನೋಡಿದರು. ಮಣ್ಣಿನಲ್ಲಿ ಮೊದಲೇ ಸೇರಿರುವ ಬೇರೆ ಸೀಸಕ್ಕಿಂತ ಇದು ಹತ್ತರಷ್ಟು ಸುಲಭವಾಗಿ ಗಿಡದೊಳಗೆ ಏರಿತು. ಒಂದು ದೀಪದಲ್ಲಿರುವ ಪದರ ಬಹಳ ತೆಳ್ಳಗಿನದು, ಸೀಸವೂ ಅತ್ಯಲ್ಪ. ಗಾಜಿನೊಳಗೆ ಭದ್ರವಾಗಿ ಮುಚ್ಚಬಹುದು. ಸೀಸದ ಬದಲು ತವರವನ್ನು ಹಾಕಲು ಪ್ರಯತ್ನಗಳಿವೆ, ಆದರೆ ತವರ ಗಾಳಿ ತಾಗಿದೊಡನೆ ಕೆಡುತ್ತದೆ. ಇವೆಲ್ಲ ನಿಜ. ಹೀಗಿದ್ದರೂ ಅರ್ಧ ಎಕರೆಗೆ ಎಷ್ಟು ದೀಪ, ಒಂದು ತಾಲ್ಲೂಕಿಗೆ ಎಷ್ಟು, ಸತ್ತ ಬಲ್ಬನ್ನು ನಮ್ಮವರು ಎಲ್ಲಿ ಎಸೆಯುತ್ತಾರೆ ಎಂಬ ಲೆಕ್ಕವನ್ನು ಪ್ರಯೋಗಶಾಲೆಯಲ್ಲಿ ಕುಳಿತವರು ಮಾಡಲಾರರು. ಅದು ಅರ್ಥಶಾಸ್ತ್ರದ ಲೆಕ್ಕ, ಬದುವಿನ ಮೇಲೆ ನಡೆದಾಡಿದವರ ಲೆಕ್ಕ. 'ಕಲಾವಿಭಾಗದವನಿಗೆ ಇದೇಕೆ' ಎಂದ ಮಿತ್ರರಿಗೆ ನನ್ನ ಉತ್ತರ ಇದು. ವಸ್ತು ಪೇಟೆಗೆ ಬಂದ ಮೇಲೆ ಪ್ರಶ್ನೆ ಕೇಳುವುದು ನಮಗೆ ರೂಢಿ. ಬರುವ ಮೊದಲೇ ಕೇಳಿದರೆ ಅಕ್ಕನಂಥವರು ಬರೆದುಕೊಳ್ಳುತ್ತಾರೆ. ತಂಗಿ ಕೇಳಿದ ಎರಡು ಪ್ರಶ್ನೆಗಳನ್ನು ಅವರು ನಮ್ಮೆದುರಿಗೇ ಬರೆದುಕೊಂಡರು.

ಕೇಳಬೇಕಾದರೆ ಭಾಷೆ ಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ೧೯೨೦ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬಡತನದಲ್ಲಿ ಬೆಳೆದು, ಓದುವ ಆಸೆಗೆ ಬೆಂಗಳೂರಿಗೆ ಕಾಲುನಡಿಗೆಯಲ್ಲಿಯೇ ಹೋದವರು. ಭೌತವಿಜ್ಞಾನದಲ್ಲಿ ಅಮೆರಿಕದ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಬೆಂಗಳೂರಿನಲ್ಲಿ ೧೯೬೨ರಲ್ಲಿ ವಿಜ್ಞಾನ ವೇದಿಕೆಯನ್ನು ಕಟ್ಟಿದ್ದಲ್ಲದೆ, ನಮ್ಮ ಸೀಮೆಯ ಗೌರಿಬಿದನೂರು, ಬಾಗೇಪಲ್ಲಿಗಳಿಗೂ ನ್ಯಾಷನಲ್ ಕಾಲೇಜುಗಳು ಬರುವಂತೆ ಮಾಡಿದರು. ಪ್ರಶ್ನಿಸದೆ ಒಪ್ಪಬೇಡಿರೆಂಬುದು ಅವರು ಜೀವನವಿಡೀ ಹೇಳಿದ ಮಾತು. ನಮ್ಮ ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ, ಶಾಲೆಯಲ್ಲಿ ಕನ್ನಡ, ಪಿಯುಸಿ ವಿಜ್ಞಾನವೆಂದರೆ ಒಮ್ಮೆಗೇ ಇಂಗ್ಲಿಷ್. ಈ ಮೂರನೆಯ ಮೆಟ್ಟಿಲಿನಲ್ಲಿಯೇ ನಮ್ಮೂರಿನ ಎಷ್ಟೋ ಮಕ್ಕಳು ಹಿಂದಕ್ಕಿಳಿದುದನ್ನು ಕಂಡಿದ್ದೇನೆ. ತಂಗಿಗೂ ಆ ಭಯವಿದೆ. 'ಎನರ್ಜಿ ಗ್ಯಾಪ್' ಎಂಬುದು ಮೆಟ್ಟಿಲಿನ ಎತ್ತರವೇ ಎಂದು ಒಮ್ಮೆ ತಿಳಿದುಬಿಟ್ಟರೆ ಆಮೇಲೆ ಇಂಗ್ಲಿಷಿನ ಹೆಸರು ಹೆದರಿಸುವುದಿಲ್ಲವೆಂದು ಅವಳಿಗೆ ಹೇಳುತ್ತಿರುತ್ತೇನೆ. ರಜೆಯಲ್ಲಿ ಅವಳ ಭೌತವಿಜ್ಞಾನದ ಮೊದಲ ಎರಡು ಅಧ್ಯಾಯಗಳನ್ನು ಇಬ್ಬರೂ ಸೇರಿ ಕನ್ನಡಕ್ಕೆ ಬರೆದುಕೊಂಡೆವು. ಮೂರನೆಯದರಲ್ಲಿ ನಾನು ಹಿಂದೆ ಬಿದ್ದಿದ್ದೇನೆ. ಅವಳು ಮುಂದೆ ಹೋಗಿದ್ದಾಳೆ.

ಯುಗಾದಿಗೆ ಉಳಿದ ಸಾಲುಗಳ ಹೂವು ಒಳ್ಳೆಯ ಬೆಲೆಗೇ ಹೋಯಿತು. ಬಂದ ಹಣದಲ್ಲಿ ಗೊಬ್ಬರದ ಸಾಲ ತೀರಿತು. ಮಿಕ್ಕಿದ್ದನ್ನು ಅಪ್ಪ ಅಮ್ಮನ ಕೈಗೆ ಕೊಟ್ಟು, "ಇದು ಹುಡುಗೀದು" ಎಂದರಂತೆ. ಯಾವ ವಿಭಾಗವೆಂದು ಹೇಳಲಿಲ್ಲ, ಅಮ್ಮನೂ ಕೇಳಲಿಲ್ಲ. ವಿಜ್ಞಾನದ ಅರ್ಜಿ ನಮೂನೆ ಮನೆಗೆ ಬಂದು ದೇವರ ಗೂಡಿನಲ್ಲಿ ಕುಳಿತಿದೆ.

ಸತ್ತ ಬಲ್ಬುಗಳನ್ನು ಬದುವಿನಾಚೆ ಎಸೆಯುವುದು ಮಾತ್ರ ನಮ್ಮ ಮನೆಯಲ್ಲಿ ನಿಂತಿದೆ. ತಂಗಿ ಅವುಗಳನ್ನೆಲ್ಲ ಆಯ್ದು ಒಂದು ಗೋಣಿಚೀಲಕ್ಕೆ ತುಂಬಿ ದನದ ಕೊಟ್ಟಿಗೆಯ ತೊಲೆಗೆ ಕಟ್ಟಿದ್ದಾಳೆ. ನಲವತ್ತಮೂರು ಇವೆ. ಒಂದೊಂದರ ಕುತ್ತಿಗೆಗೂ ಕಾಗದದ ಚೀಟಿ. ಅದರ ಮೇಲೆ ಸಾಲಿನ ಸಂಖ್ಯೆ, ಗಿಡದ ಎತ್ತರ, ಅವಳು ಲೆಕ್ಕ ಹಾಕಿದ ತಾರೀಖು.